ಮಳೆಗಾಲದ ಗಾಯಕ್ಕೆ ಯಾವ ಸ್ಪ್ರೇ?

ವರದಮೂಲ ಊರಿನ ಸುತ್ತಿನ ಬೆಟ್ಟದಲ್ಲಿ ಮೇದು ಸಂಜೆ ಕೊಟ್ಟಿಗೆಗೆ ಬರುವ ಮಲೆನಾಡು ಗಿಡ್ಡ ತಳಿಯ ದನದ ಮೈಮೇಲೆ ಒಂದಲ್ಲ ಒಂದು ಗೀರು ಇದ್ದೇ ಇರುತ್ತದೆ. ತೋಟದ ಮುಳ್ಳುತಂತಿ, ಬಿದಿರ ಮುಳ್ಳು, ಜೊತೆಯ ದನದ ಕೊಂಬು, ಉಂಬಳ ಕಚ್ಚಿ ರಕ್ತ ನಿಲ್ಲದ ಜಾಗ. ಬೇಸಿಗೆಯಲ್ಲಾದರೆ ತಾವಾಗಿ ಒಣಗುತ್ತವೆ. ಆಷಾಢದಲ್ಲಿ ಹಸಿಗಾಯದ ಅಂಚಿಗೆ ನೊಣ ಮೊಟ್ಟೆಯಿಟ್ಟರೆ ಸುಮಾರು ಒಂದು ದಿನದಲ್ಲಿ ಹುಳ ಹೊರಬಂದು ಜೀವಂತ ಮಾಂಸವನ್ನೇ ಕೊರೆಯತೊಡಗುತ್ತದೆ. ಆದ್ದರಿಂದ ಸ್ಪ್ರೇ ಕೊಳ್ಳುವಾಗ ನಾನು ನೋಡುವುದು ಎರಡು: ನೊಣವನ್ನು ದೂರ ಇಡುತ್ತದೆಯೇ, ಮಳೆಗೆ ನಿಲ್ಲುತ್ತದೆಯೇ.

ರೋಗಾಣು ಕೊಲ್ಲುವ ಕೆಲಸ ತೊಳೆಯುವಾಗಲೇ ಅರ್ಧ ಮುಗಿದಿರಬೇಕು. ಕುದಿಸಿ ಆರಿಸಿದ ನೀರಿಗೆ ತಿಳಿ ಚಹಾದ ಬಣ್ಣ ಬರುವಷ್ಟು ಪೊವಿಡೋನ್ ಅಯೋಡಿನ್ ಬೆರೆಸಿ ಧಾರಾಳವಾಗಿ ಹೊಯ್ದರೆ ಸಾಕು. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ದಿನಾ ಬೇಡವೇ ಬೇಡ. ಹೊಸದಾಗಿ ಕೂಡುತ್ತಿರುವ ಮಾಂಸವನ್ನೂ ಸುಡುತ್ತವೆ. ಉರಿ ನೆನಪಿಟ್ಟ ದನ ಮರುದಿನ ಹತ್ತಿರವೇ ಬರಗೊಡುವುದಿಲ್ಲ.

ನೀರಿನಂಥ ಅಯೋಡಿನ್ ಸ್ಪ್ರೇ ಮಳೆಗೆ ತೊಳೆದುಹೋಗುತ್ತದೆ. ಮೇಯಲು ಬಿಡುವ ದನಕ್ಕೆ ಟೋಪಿಕ್ಯೂರ್, ಸ್ಕೇವಾನ್ ತರಹದ ಗಿಡಮೂಲಿಕೆ ಸ್ಪ್ರೇ ನನಗೆ ಹಿಡಿಸಿದೆ. ಎರಡೂ ಬೆಂಗಳೂರಿನ ಕಂಪನಿಗಳವು. ಎಣ್ಣೆಯ ಅಂಶ ರೋಮಕ್ಕೆ ಅಂಟಿ ನಿಲ್ಲುತ್ತದೆ, ವಾಸನೆಗೆ ನೊಣ ಕೂರುವುದಿಲ್ಲ. ಅದೇ ವಾಸನೆ ಹಾಲಿಗೂ ಹತ್ತುತ್ತದೆ. ಕೆಚ್ಚಲ ಬಳಿಯಾದರೆ ಕರೆದ ಮೇಲೆ ಹೊಡೆದು, ಮುಂದಿನ ಸಲ ಕರೆಯುವ ಮೊದಲು ತೊಳೆಯಬೇಕು. ಕರು ಚೀಪುವ ಮೊಲೆಗೆ ಯಾವುದನ್ನೂ ಹೊಡೆಯಬಾರದು. ನೇರಳೆ ಬಣ್ಣದ ಔಷಧಿ ಕೀವನ್ನೂ ಕೆಂಪನ್ನೂ ಮುಚ್ಚಿಬಿಡುತ್ತದೆ, ಹಾಲು ಕೊಡುವ ದನಕ್ಕೆ ನಾನು ಅದನ್ನು ಮುಟ್ಟಿಸುವುದಿಲ್ಲ.

ಅಂಗಡಿಯಲ್ಲಿ ಯಾರೂ ಪರೀಕ್ಷಿಸದ ಸಂಗತಿ ಬಾಟಲಿಯ ಮೂತಿ. ಗಾಯ ಹೆಚ್ಚಾಗಿ ಗೊರಸಿನ ಸಂದಿಯಲ್ಲಿ, ಹೊಟ್ಟೆಯಡಿಯಲ್ಲಿ, ತೊಡೆಯ ಒಳಗೆ. ಅಲ್ಲಿಗೆ ಬಾಟಲಿ ಓರೆಯಾಗಿಯೋ ತಲೆಕೆಳಗಾಗಿಯೋ ಹಿಡಿಯಬೇಕು. ಸಾಮಾನ್ಯ ಪಂಪು ಆಗ ಬರೀ ಗಾಳಿ ಎಳೆಯುತ್ತದೆ. ಗ್ಯಾಸ್ ತುಂಬಿದ ಸ್ಪ್ರೇ ಡಬ್ಬಿಯದು ಬೇರೆ ತೊಂದರೆ: ಅದರ ಬುಸ್ ಶಬ್ದಕ್ಕೆ ಗಿಡ್ಡ ಬೆಚ್ಚುತ್ತದೆ. ಮೊದಲು ದೂರದಲ್ಲಿ ಗಾಳಿಗೆ ನಾಲ್ಕು ಸಲ ಹೊಡೆದು ಕೇಳಿಸಿ, ಕುತ್ತಿಗೆ ತುರಿಸುತ್ತ ಹತ್ತಿರ ತನ್ನಿ. ಮುಖದ ಗಾಯಕ್ಕೆ ಹತ್ತಿಗೆ ಹೊಡೆದು ಒತ್ತುವುದೇ ಸರಿ. ಗ್ಯಾಸ್ ಡಬ್ಬಿಯನ್ನು ಬಚ್ಚಲ ಒಲೆಯ ಹತ್ತಿರ ಇಡಲೇಬೇಡಿ.

ಚಾಲುಕ್ಯ ಮನೆತನದ ಕೀರ್ತಿವರ್ಮ ದನಗಳ ಚಿಕಿತ್ಸೆಗೆಂದೇ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ಅಂಥ ನಾಡಿನಲ್ಲಿ 2012ರಲ್ಲಿ ತಳಿಯೆಂದು ನೋಂದಣಿಯಾದ ಈ ಪುಟ್ಟ ದನದ ಗಾಯಕ್ಕೆ ಇಂದಿಗೂ ಫಿನೈಲು ಸುರಿಯುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಫಿನೈಲು ನೆಲ ತೊಳೆಯಲು ಮಾಡಿದ್ದು. ಹುಳ ಬಿದ್ದಿದ್ದರೆ ಮೊದಲು ಹುಳ ತೆಗೆಸಬೇಕು, ಆಮೇಲೆ ಸ್ಪ್ರೇ. ಕೀಲಿನ ಮೇಲೋ ಕಣ್ಣಿನ ಪಕ್ಕವೋ ಗಾಯವಿದ್ದರೆ, ಇಲ್ಲವೇ ಬೆರಳು ಹೋಗುವಷ್ಟು ಆಳವಾಗಿದ್ದರೆ ಯಾವ ಬಾಟಲಿಯನ್ನೂ ನಂಬದೆ ಪಶುವೈದ್ಯರನ್ನು ಕರೆಯಿರಿ.