ಸೆರೆಮನೆಯ ಚಿಕಿತ್ಸೆ: ಉದ್ದೇಶವೂ ಫಲವೂ

ಲೈಂಗಿಕ ಅಪರಾಧಿಯನ್ನು ಸೆರೆಯಲ್ಲಿ ಕೂಡಿಹಾಕಿದ ಮಾತ್ರಕ್ಕೆ ಅವನ ಮನಸ್ಸು ತಿದ್ದಿಕೊಳ್ಳುವುದಿಲ್ಲವೆಂಬುದನ್ನೂ, ಅವಧಿ ಮುಗಿದೊಡನೆ ಅವನು ಮತ್ತೆ ಜನರ ನಡುವೆಯೇ ಬಾಳಬೇಕಾದವನೆಂಬುದನ್ನೂ ಮನಗಂಡು, 1990ರ ದಶಕದ ಆದಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸೆರೆಮನೆಗಳು ಒಂದು ವಿಸ್ತಾರವಾದ ಚಿಕಿತ್ಸಾ ಕಾರ್ಯಕ್ರಮವನ್ನು ಕೈಗೊಂಡುವು. ಅದರ ಉದ್ದೇಶದ ಔದಾರ್ಯವನ್ನು ಯಾರೂ ಅಲ್ಲಗಳೆಯಲಾರರು; ಆದರೆ ಚಿಕಿತ್ಸೆಯೆಂಬುದು ಉದ್ದೇಶದಿಂದಲ್ಲ, ಫಲದಿಂದ ಪರೀಕ್ಷಿಸಲ್ಪಡಬೇಕಾದ ಕಾರ್ಯ.

ಕಾರ್ಯಕ್ರಮದ ಕ್ರಮ ಹೀಗಿತ್ತು. ಕೆಲವು ಮಂದಿ ಕೈದಿಗಳು ಗುಂಪಾಗಿ ಕುಳಿತು, ತರಬೇತಿ ಹೊಂದಿದ ಸಿಬ್ಬಂದಿಯ ಮುಂದೆ, ಒಬ್ಬೊಬ್ಬರಾಗಿ ತಮ್ಮ ಅಪರಾಧವನ್ನು ಆದ್ಯಂತವಾಗಿ ವಿವರಿಸಬೇಕು. ‘ಅವಳೇ ಒಪ್ಪಿದ್ದಳು’, ‘ಮಗುವಿಗೆ ಏನೂ ತಿಳಿಯಲಿಲ್ಲ’ ಎಂಬಂಥ ನೆಪಗಳನ್ನು ಉಳಿದವರು ಪ್ರಶ್ನಿಸಬೇಕು. ಆಮೇಲೆ ಅಪರಾಧಿಯು ತನ್ನಿಂದ ನೊಂದವರ ಪಾತ್ರವನ್ನು ತಾನೇ ವಹಿಸಿ, ನಡೆದುದನ್ನು ಅವರ ದೃಷ್ಟಿಯಿಂದ ಕಾಣಬೇಕು. ತಪ್ಪೊಪ್ಪಿಗೆಯಿಂದ ಪರಿಶುದ್ಧಿಯೆಂಬ ಪುರಾತನವಾದ ನಂಬಿಕೆಯೇ ಇಲ್ಲಿ ವಿಜ್ಞಾನದ ವೇಷದಲ್ಲಿ ನಿಂತಿದೆಯೆಂದು ನನಗೆ ತೋರುತ್ತದೆ. ಆದರೆ ಕೆನಡಾದ ಮನಶ್ಶಾಸ್ತ್ರಜ್ಞ ಕಾರ್ಲ್ ಹ್ಯಾನ್ಸನ್ ಮೊದಲಾದವರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 1998ರಲ್ಲಿ ತೋರಿಸಿದಂತೆ, ಮರಳಿ ಅಪರಾಧವೆಸಗುವ ಸಂಭವವು ವಿಕೃತವಾದ ಕಾಮಾಸಕ್ತಿಯೊಡನೆ ಸ್ಪಷ್ಟವಾಗಿ ಹೆಣೆದುಕೊಂಡಿದೆಯೇ ಹೊರತು, ತಪ್ಪನ್ನು ಒಪ್ಪಿದನೇ, ನೊಂದವರಿಗಾಗಿ ಮರುಗಿದನೇ ಎಂಬುದರೊಡನೆ ಅಲ್ಲ. ಶ್ರಮವೆಲ್ಲ ವ್ಯಯವಾದುದು ಬಹುಮಟ್ಟಿಗೆ ಬೇರನ್ನು ಬಿಟ್ಟು ಕೊಂಬೆಗೆ ನೀರೆರೆಯುವುದರಲ್ಲಿ.

2017ರಲ್ಲಿ ಬ್ರಿಟನ್ನಿನ ನ್ಯಾಯ ಸಚಿವಾಲಯ ಪ್ರಕಟಿಸಿದ ವರದಿ ಈ ಸಂದೇಹಕ್ಕೆ ಬಲ ತಂದಿತು. 2000ದಿಂದ 2012ರವರೆಗಿನ ಅವಧಿಯಲ್ಲಿ ಚಿಕಿತ್ಸೆ ಪಡೆದ 2,562 ಮಂದಿಯನ್ನು, ಪಡೆಯದ 13,219 ಮಂದಿಯೊಡನೆ ಹೋಲಿಸಿದಾಗ, ಬಿಡುಗಡೆಯ ನಂತರದ ಸುಮಾರು ಎಂಟು ವರ್ಷಗಳಲ್ಲಿ ಪಡೆದವರ ಪೈಕಿ ಶೇಕಡ 10ರಷ್ಟೂ, ಪಡೆಯದವರ ಪೈಕಿ ಶೇಕಡ 8ರಷ್ಟೂ ಮಂದಿ ಮತ್ತೆ ಲೈಂಗಿಕ ಅಪರಾಧವೆಸಗಿದ್ದರು. ಇದು ಚೀಟಿಯೆತ್ತಿ ಗುಂಪು ವಿಂಗಡಿಸಿದ ಪ್ರಯೋಗವಲ್ಲವಾದುದರಿಂದ, ಚಿಕಿತ್ಸೆಯೇ ಕೆಡುಕು ಮಾಡಿತೆಂದು ಖಂಡಿತವಾಗಿ ಹೇಳಲಾಗದು. ಒಳಿತು ಮಾಡಿತೆಂದಂತೂ ಹೇಳಲಾಗದು. ಕ್ಯಾಲಿಫೋರ್ನಿಯಾದ ಅಟಾಸ್ಕಡೆರೊ ಆಸ್ಪತ್ರೆಯಲ್ಲಿ ಹಾಗೆ ಗುಂಪು ವಿಂಗಡಿಸಿಯೇ ನಡೆಸಿದ ಪ್ರಯೋಗದ 2005ರ ಅಂತಿಮ ವರದಿಯಲ್ಲಿಯೂ ಎರಡು ಗುಂಪುಗಳ ನಡುವೆ ಗಣನೀಯ ಅಂತರ ಕಾಣಲಿಲ್ಲ.

ಹಾಗಾದರೆ ಔಷಧವೇ ಗತಿಯೆ? ಪುರುಷ ಹಾರ್ಮೋನನ್ನು ತಗ್ಗಿಸುವ ಮದ್ದುಗಳು, ಅದಮ್ಯವಾದ ಕಾಮಪ್ರೇರಣೆಯಿಂದ ಬಳಲುವ ಕೆಲವರಿಗೆ, ಅವರ ಒಪ್ಪಿಗೆಯಿಂದಲೂ ಮನೋವೈದ್ಯನ ಮೇಲ್ವಿಚಾರಣೆಯಲ್ಲಿಯೂ ನೆರವಾಗಬಲ್ಲವು. ಮೂಳೆ ಸವೆಯುವ ಅಪಾಯವೂ ಅವುಗಳೊಡನೆ ಇದೆ. ಅಧಿಕಾರದ ದಾಹದಿಂದಲೋ ದ್ವೇಷದಿಂದಲೋ ಹುಟ್ಟುವ ಅತ್ಯಾಚಾರಕ್ಕೆ ಅವು ಮದ್ದಲ್ಲ. ಆದುದರಿಂದ ನಮ್ಮ ದೇಶದ ಲೈಂಗಿಕ ಅಪರಾಧ ಕಾನೂನುಗಳ ಸುಧಾರಣೆಗಾಗಿ ನೇಮಕವಾಗಿದ್ದ ನ್ಯಾಯಮೂರ್ತಿ ವರ್ಮಾ ಸಮಿತಿಯು 2013ರಲ್ಲಿ, ಇಂಥ ಮದ್ದುಗಳಿಂದ ಮಾಡುವ ರಾಸಾಯನಿಕ ನಿರ್ವೀರ್ಯಗೊಳಿಸುವಿಕೆಯನ್ನು ಶಿಕ್ಷೆಯಾಗಿ ವಿಧಿಸಲು ಒಪ್ಪದಿದ್ದುದು ಉಚಿತವೇ ಆಗಿದೆ.

ಇಂಗ್ಲೆಂಡಿನವರು ತಮ್ಮ ಕಾರ್ಯಕ್ರಮವನ್ನು 2017ರಲ್ಲಿ ಕೈಬಿಟ್ಟರು. ಪ್ರತಿಕೂಲವಾದ ಫಲಿತಾಂಶವನ್ನು ಪ್ರಕಟಪಡಿಸಿದ ಅವರ ಪ್ರಾಮಾಣಿಕತೆ ಶ್ಲಾಘ್ಯ. ಆದರೆ ಕಾಲು ಶತಮಾನದ ಕಾಲ ಅದನ್ನು ಕಟ್ಟುನಿಟ್ಟಾದ ಪ್ರಯೋಗಕ್ಕೆ ಒಡ್ಡದೆ ನಡೆಸಿದುದು ಅಕ್ಷಮ್ಯವಾದ ದೋಷ, ಏಕೆಂದರೆ ಈ ಚಿಕಿತ್ಸೆ ವಿಫಲವಾದಾಗ ಬೆಲೆ ತೆರುವವರು ರೋಗಿಯೂ ಅಲ್ಲ, ವೈದ್ಯನೂ ಅಲ್ಲ. ಏನೂ ಅರಿಯದ ಮತ್ತೊಂದು ಹೆಣ್ಣು, ಮತ್ತೊಂದು ಮಗು. ಆದುದರಿಂದ ನಮ್ಮ ಸೆರೆಮನೆಗಳಲ್ಲಿ ಇಂಥ ಕಾರ್ಯವನ್ನು ಕೈಗೊಳ್ಳುವವರು, ಮೊದಲ ದಿನದಿಂದಲೇ ಅದರ ಪರೀಕ್ಷೆಯನ್ನೂ ಕೈಗೊಳ್ಳಲಿ.