ಕೆಂಪು ಡಬ್ಬಿ, ಕೆಂಪು ಸೆಲ್

ಹೊಸೂರು ಭಾಗದಲ್ಲಿ ವಾಹನದ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಗಳಲ್ಲಿ ಯಂತ್ರದ ಪಕ್ಕ ಸಾಮಾನ್ಯವಾಗಿ ಮೂರು ಡಬ್ಬಿ ಇರುತ್ತವೆ. ಅಳತೆ ತಪ್ಪಿದ ಬುಷ್ ಕೆಂಪು ಡಬ್ಬಿಗೆ, ಮತ್ತೊಂದು ಸಲ ಯಂತ್ರಕ್ಕೆ ಕೊಡಬೇಕಾದದ್ದು ಹಳದಿಗೆ, ಪಾಸಾದದ್ದು ಹಸಿರಿಗೆ. ಶಿಫ್ಟ್ ಬದಲಾಗಲಿ, ಸೂಪರ್‌ವೈಸರ್ ಬದಲಾಗಲಿ, ಈ ಕಟ್ಟಳೆ ಬದಲಾಗುವುದಿಲ್ಲ. ಸಂಜೆಗೆ ಇದೇ ಲೆಕ್ಕ ಕಂಪ್ಯೂಟರಿಗೆ ಹತ್ತಿ ಎಕ್ಸೆಲ್ ಹಾಳೆಯಾದಾಗ ಮಾತ್ರ ಕಟ್ಟಳೆಯೆಲ್ಲ ಸಡಿಲ. ಒಬ್ಬರು ಹಳದಿ ಬಳಿದರೆ ‘ಇದನ್ನು ನೋಡಬೇಕು’ ಎಂದು, ಇನ್ನೊಬ್ಬರು ಬಳಿದರೆ ‘ನೋಡಿ ಆಯಿತು’ ಎಂದು, ಮತ್ತೊಬ್ಬರದು ಬರೀ ಚೆಂದಕ್ಕೆ. ಸ್ಪ್ರೆಡ್‌ಶೀಟಿನಲ್ಲಿ ಬಣ್ಣದ ಡೀಫಾಲ್ಟ್ ಬದಲಿಸುವ ಸೌಲಭ್ಯವನ್ನು ತೂಗಿನೋಡಲು ಇದಕ್ಕಿಂತ ಒಳ್ಳೆಯ ತಕ್ಕಡಿ ಸಿಗಲಾರದು. ಕೇಳಬೇಕಾದ ಪ್ರಶ್ನೆ ಒಂದೇ: ಅರ್ಥ ಕೆಡದಂತೆ ಬಣ್ಣವನ್ನು ಹಿಡಿದಿಡಲು ತಂತ್ರಾಂಶ ನೆರವಾಗುತ್ತದೆಯೇ?

ಈ ಪ್ರಶ್ನೆ ಇಲ್ಲಿ ಹುಟ್ಟುವುದಕ್ಕೆ ಕಾರಣವಿದೆ. 1970ರ ದಶಕದಲ್ಲಿ ತಮಿಳುನಾಡು ಸರ್ಕಾರದ ಸಿಪ್ಕಾಟ್ ಕೈಗಾರಿಕಾ ಪ್ರದೇಶ ತಲೆಯೆತ್ತಿದ ಮೇಲೆ ಟಿವಿಎಸ್, ಅಶೋಕ್ ಲೇಲ್ಯಾಂಡ್, ಟೈಟಾನ್ ಎಲ್ಲವೂ ಹೊಸೂರಿಗೆ ಬಂದವು. ಟಿವಿಎಸ್ ಮೋಟಾರ್ 2002ರಲ್ಲಿ ಗುಣಮಟ್ಟ ನಿರ್ವಹಣೆಗಾಗಿ ಜಪಾನಿನ ಡೆಮಿಂಗ್ ಪ್ರಶಸ್ತಿ ಪಡೆಯಿತು. ದೊಡ್ಡ ಕಂಪನಿ ಕಲಿತ ಶಿಸ್ತು ಅದಕ್ಕೆ ಮಾಲು ಕೊಡುವವರ ಶೆಡ್‌ಗಳಿಗೂ ಇಳಿಯಬೇಕಾಗುತ್ತದೆ. ಬಣ್ಣದ ಡಬ್ಬಿ, ಕೆಂಪು ಚೀಟಿ, ನೆಲದ ಹಳದಿ ಗೆರೆ ಎಲ್ಲ ಆ ದಾರಿಯವೇ. ಇನ್ನೊಂದು ಕಾರಣ ಭಾಷೆಯದು. ಹೊಸೂರಿಗೆ ಹತ್ತಿಕೊಂಡ ಆಲಸನತ್ತಂನಂಥ ಕಡೆ ಮನೆಯಲ್ಲಿ ಕನ್ನಡವೋ ತೆಲುಗೋ, ಬೀದಿಯಲ್ಲಿ ತಮಿಳು, ಫೈಲಿನಲ್ಲಿ ಇಂಗ್ಲಿಷ್. ಮೂರು ಮಾತು ಬಲ್ಲವರಿಗೂ ಮೂರು ಲಿಪಿ ಬರುತ್ತದೆ ಎನ್ನುವಂತಿಲ್ಲ. ಹಾಗಾಗಿ ರಿಮಾರ್ಕ್ಸ್ ಕಾಲಂ ಖಾಲಿ ಉಳಿದು, ಹೇಳಬೇಕಾದದ್ದನ್ನು ಸೆಲ್ಲಿನ ಬಣ್ಣವೇ ಹೇಳತೊಡಗುತ್ತದೆ. ಮಾತಿನ ಕೆಲಸವನ್ನು ಬಣ್ಣಕ್ಕೆ ವಹಿಸಿದ ಮೇಲೆ ಅದಕ್ಕೊಂದು ವ್ಯಾಕರಣ ಬೇಕಲ್ಲ?

ಹಳೆಯ ಎಕ್ಸೆಲ್‌ನಲ್ಲಿ ಅಂಥದ್ದೊಂದು ಒರಟು ವ್ಯಾಕರಣ ಇತ್ತು. 2003ರ ಆವೃತ್ತಿಯವರೆಗೆ ಒಂದು ಫೈಲಿಗೆ 56 ಬಣ್ಣಗಳ ಪೆಟ್ಟಿಗೆ ಮಾತ್ರ. ಆಪ್ಷನ್ಸ್‌ಗೆ ಹೋಗಿ ಒಂದು ಮನೆಯ ಬಣ್ಣ ಬದಲಿಸಿದರೆ ಆ ಮನೆಯನ್ನು ನೆಚ್ಚಿಕೊಂಡ ಸೆಲ್ಲುಗಳೆಲ್ಲ ಒಟ್ಟಿಗೆ ಬದಲಾಗುತ್ತಿದ್ದವು. ತೊಂದರೆಯೂ ಇತ್ತು: ಬೇರೆ ಪೆಟ್ಟಿಗೆಯ ಫೈಲಿಗೆ ಹಾಳೆಯನ್ನು ನಕಲಿಸಿದರೆ ಬಣ್ಣ ತಾರುಮಾರು. ಬೂದು ನೆಲದ ಮೇಲೆ ತಿಳಿ ನೇರಳೆ, ದ್ರಾಕ್ಷಿ, ದಂತವರ್ಣದ ಕಂಬಗಳು ನಿಂತ ಅಂದಿನ ಚಾರ್ಟನ್ನು ಚೆಂದವೆಂದವರು ಕಡಿಮೆ. 2007ರಲ್ಲಿ ಮೈಕ್ರೋಸಾಫ್ಟ್ ಮಿತಿಯನ್ನು ಕಿತ್ತು, 1.6 ಕೋಟಿಗೂ ಹೆಚ್ಚು ಬಣ್ಣಕ್ಕೆ ಬಾಗಿಲು ತೆರೆದು, ಥೀಮ್ ಎಂಬ ಏರ್ಪಾಡು ತಂದಿತು. ಕಣ್ಣಿಗೆ ಲಾಭವಾಯಿತು, ಶಿಸ್ತಿಗೆ ಅಷ್ಟಾಗಿ ಆಗಲಿಲ್ಲ.

ಮೊದಲು ಮೆಚ್ಚಬೇಕಾದದ್ದನ್ನು ಹೇಳಿಬಿಡೋಣ. ಎಕ್ಸೆಲ್‌ನ ಕಂಡೀಷನಲ್ ಫಾರ್ಮ್ಯಾಟಿಂಗ್ (ಷರತ್ತಿಗೆ ತಕ್ಕಂತೆ ಸೆಲ್ಲಿಗೆ ತಾನಾಗಿ ಬಣ್ಣ ಹಚ್ಚುವ ಸೌಲಭ್ಯ) ಸಿದ್ಧವಾಗಿಟ್ಟಿರುವ ತಿಳಿಗೆಂಪು ನೆಲ ಮತ್ತು ಕಡುಗೆಂಪು ಅಕ್ಷರದ ಜೋಡಿ ತೂಕವಾದ ಆಯ್ಕೆ. ನೆಲದ ಕೆಂಪು-ಹಸಿರು-ನೀಲಿ ಅಂಶ 255, 199, 206. ಅಕ್ಷರದ್ದು 156, 0, 6. ಎರಡರ ನಡುವಿನ ಕಾಂಟ್ರಾಸ್ಟ್ ಲೆಕ್ಕ ಹಾಕಿದರೆ ಸುಮಾರು 5.9ಕ್ಕೆ 1. ವೆಬ್ ಬರಹಕ್ಕೆ ಅಂತರರಾಷ್ಟ್ರೀಯ ಮಾನದಂಡ ಕೇಳುವುದು 4.5. ಇದೇ ಎಕ್ಸೆಲ್‌ನಲ್ಲಿ ಋಣ ಸಂಖ್ಯೆಗಳಿಗೆಂದು ಬಳಸುವ ಅಪ್ಪಟ ಕೆಂಪು, ಬಿಳಿ ಹಾಳೆಯ ಮೇಲೆ 4ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಕಣ್ಣಿಗೆ ರಾಚುವ ಕೆಂಪಿಗಿಂತ ಸೌಮ್ಯ ಜೋಡಿಯೇ ಸಲೀಸಾಗಿ ಓದಿಸಿಕೊಳ್ಳುತ್ತದೆ. ಇದನ್ನು ಅಳಿಸಿ ತನ್ನಿಷ್ಟದ ಗಾಢ ಕೆಂಪು ಬಳಿಯುವವರು ಡೀಫಾಲ್ಟನ್ನು ಸುಧಾರಿಸುತ್ತಿಲ್ಲ, ಕೆಡಿಸುತ್ತಿದ್ದಾರೆ.

ಆದರೆ ಅದೇ ಹಾಳೆಯನ್ನು ಕಪ್ಪು-ಬಿಳುಪು ಲೇಸರ್ ಪ್ರಿಂಟರಿಗೆ ಕೊಟ್ಟು ನೋಡಿ. ತಿಳಿಗೆಂಪು, ತಿಳಿಹಸಿರು ಎರಡೂ ಹತ್ತಿರ ಹತ್ತಿರದ ಬೂದು ಬಣ್ಣವಾಗಿ ಇಳಿಯುತ್ತವೆ. ರಿಜೆಕ್ಟ್ ಯಾವುದು, ಓಕೆ ಯಾವುದು ಎಂದು ಗೋಡೆಗೆ ಅಂಟಿಸಿದ ಕಾಗದ ಹೇಳುವುದಿಲ್ಲ. ಕೆಂಪು-ಹಳದಿ-ಹಸಿರು ಕಲರ್ ಸ್ಕೇಲ್ ಇನ್ನೂ ಎಡವಟ್ಟು: ನಡುವಿನ ಹಳದಿ ಬೆಳ್ಳಗೆ ಕಾಣಿಸಿ, ಎರಡು ತುದಿಗಳೂ ಮಧ್ಯಮ ಬೂದು. ಅತಿ ಕೆಟ್ಟದ್ದೂ ಅತಿ ಒಳ್ಳೆಯದೂ ಅವಳಿಜವಳಿ. ಕೆಂಪು-ಹಸಿರು ಬಣ್ಣಗುರುಡು ಇರುವವರಿಗೆ ಪರದೆಯ ಮೇಲೂ ಇದೇ ಪಾಡು. ಈ ದೋಷ ಗಂಡಸರಲ್ಲಿ ಹೆಚ್ಚು. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ 12ಕ್ಕೆ ಒಬ್ಬರಷ್ಟು. ನಮ್ಮಲ್ಲಿ ಪ್ರಮಾಣ ಕಡಿಮೆಯಾದರೂ ನೂರಾರು ಗಂಡಸರು ಕೆಲಸ ಮಾಡುವ ಕಾರ್ಖಾನೆಯಲ್ಲಿ ಕೆಲವರಾದರೂ ಇದ್ದೇ ಇರುತ್ತಾರೆ. ಮಸಾತಾಕಾ ಓಕಾಬೆ ಮತ್ತು ಕೆಯಿ ಇತೋ ಎಂಬ ಜಪಾನೀ ವಿಜ್ಞಾನಿಗಳು ಇಂಥವರಿಗೂ ಬೇರೆಬೇರೆಯಾಗಿ ಕಾಣುವ ಎಂಟು ಬಣ್ಣಗಳ ಸರಣಿಯನ್ನು ರೂಪಿಸಿಕೊಟ್ಟಿದ್ದಾರೆ. ಅದರ ನೀಲಿಯನ್ನೂ ಕಿತ್ತಳೆಗೆಂಪನ್ನೂ ಎತ್ತಿಕೊಂಡರೆ ಅರ್ಧ ಸಮಸ್ಯೆ ತೀರುತ್ತದೆ. ಡೀಫಾಲ್ಟ್ ಬದಲಿಸಲು ಇದಕ್ಕಿಂತ ಗಟ್ಟಿ ಕಾರಣ ನನಗೆ ಕಾಣದು.

ಬದಲಿಸುವ ದಾರಿ ಹೇಗಿದೆ? ಎಕ್ಸೆಲ್‌ನಲ್ಲಿ ಪೇಜ್ ಲೇಔಟ್‌ಗೆ ಹೋಗಿ ಕಲರ್ಸ್ ಒತ್ತಿ ಕಸ್ಟಮೈಸ್ ಆರಿಸಿದರೆ 12 ಜಾಗ ಸಿಗುತ್ತವೆ: ಅಕ್ಷರ ಮತ್ತು ಹಿನ್ನೆಲೆಗೆ ನಾಲ್ಕು, ಆಕ್ಸೆಂಟ್ ಆರು, ಕೊಂಡಿಗಳಿಗೆ ಎರಡು. ಇದನ್ನು ಖಾಲಿ ಫೈಲಿನಲ್ಲಿ ಮಾಡಿ, ‘ಬುಕ್’ ಎಂಬ ಟೆಂಪ್ಲೇಟ್ ಆಗಿ ಸ್ಟಾರ್ಟಪ್ ಫೋಲ್ಡರಿನಲ್ಲಿ ಇಟ್ಟರೆ ಮುಂದಿನ ಹೊಸ ಫೈಲುಗಳು ಅದೇ ಬಣ್ಣದಲ್ಲಿ ತೆರೆಯುತ್ತವೆ. ಇಷ್ಟು ಮಾಡಿ ಗೆದ್ದೆವು ಅಂದುಕೊಂಡರೆ ಬಣ್ಣ ಆರಿಸುವ ಪಟ್ಟಿಯ ಕೆಳಗಿನ ಸಾಲು ಅಣಕಿಸುತ್ತದೆ. ಸ್ಟ್ಯಾಂಡರ್ಡ್ ಕಲರ್ಸ್ ಎಂಬ ಹತ್ತು ಬಣ್ಣಗಳ ಆ ಸಾಲು ಥೀಮಿನ ಮಾತು ಕೇಳುವುದಿಲ್ಲ. ಗಡಿಬಿಡಿಯಲ್ಲಿ ಕೆಲಸ ಮಾಡುವವರ ಮೌಸ್ ಓಡುವುದು ಅಲ್ಲಿರುವ ಗಾಢ ಹಳದಿಯ ಕಡೆಗೇ. ಕಂಡೀಷನಲ್ ಫಾರ್ಮ್ಯಾಟಿಂಗ್‌ನ ಸಿದ್ಧ ಜೋಡಿಗಳೂ ಥೀಮಿಗೆ ಕಟ್ಟುಬಿದ್ದಿಲ್ಲ. ಹೀಗೆ ಎಕ್ಸೆಲ್ ಬದಲಿಸಗೊಡುವುದು ಹೆಚ್ಚಾಗಿ ಚಾರ್ಟಿನ, ಟೇಬಲ್ಲಿನ ಸಿಂಗಾರವನ್ನು. ರಿಜೆಕ್ಟ್, ರೀವರ್ಕ್ ಎಂಬ ಅರ್ಥ ಹೊರುವ ಬಣ್ಣಗಳು ಆ ವ್ಯವಸ್ಥೆಯ ಹೊರಗೇ ಉಳಿಯುತ್ತವೆ.

ಈ ಒಂದು ವಿಷಯದಲ್ಲಿ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್ ಮುಂದಿದೆ. ಅಲ್ಲಿ ಕಂಡೀಷನಲ್ ಫಾರ್ಮ್ಯಾಟಿಂಗ್ ಸೆಲ್ಲಿಗೆ ನೇರವಾಗಿ ಬಣ್ಣ ಬಳಿಯುವುದಿಲ್ಲ, ಹೆಸರಿರುವ ಸೆಲ್ ಸ್ಟೈಲೊಂದನ್ನು ಹಚ್ಚುತ್ತದೆ. ‘ರಿಜೆಕ್ಟ್’ ಎಂಬ ಸ್ಟೈಲ್ ಮಾಡಿಟ್ಟುಕೊಂಡರೆ, ನಾಳೆ ಅದರ ಬಣ್ಣವನ್ನು ಒಂದೇ ಕಡೆ ತಿದ್ದಿದರೆ ಸಾಕು, ಇಡೀ ಫೈಲ್ ತಿದ್ದಿಕೊಳ್ಳುತ್ತದೆ. ಬಣ್ಣಕ್ಕಿಂತ ಹೆಸರು ಮುಂಚೆ ಬರುವ ಈ ಕ್ರಮ ಡಬ್ಬಿಯ ಕಟ್ಟಳೆಗೆ ಹತ್ತಿರ. ಕ್ಯಾಲ್ಕ್‌ಗೂ ಅದರದ್ದೇ ಕೊರತೆಯಿದೆ. ಚಾರ್ಟಿನ ಡೀಫಾಲ್ಟ್ ಬಣ್ಣಗಳನ್ನು ಆಪ್ಷನ್ಸ್‌ನಲ್ಲಿ ಬದಲಿಸಿದರೆ ಅದು ಆ ಬಳಕೆದಾರರ ಕಂಪ್ಯೂಟರಿನಲ್ಲಿ ಕೂರುತ್ತದೆ, ಫೈಲಿನ ಜತೆ ಪ್ರಯಾಣ ಮಾಡುವುದಿಲ್ಲ. ಪಕ್ಕದ ಮೇಜಿನಲ್ಲಿ ಅದೇ ಫೈಲ್ ತೆರೆದು ಹೊಸ ಚಾರ್ಟ್ ಹಾಕಿದರೆ ಹಳೇ ನೀಲಿ-ಕಿತ್ತಳೆ ಜೋಡಿಯೇ ಗತಿ.

ಬಣ್ಣದ ಅರ್ಥವನ್ನು ತಂತ್ರಾಂಶ ಮೊದಲೇ ತೀರ್ಮಾನಿಸಿಬಿಟ್ಟಿರುವುದೂ ಚರ್ಚೆಗೆ ತಕ್ಕದ್ದೇ. ಕೆಂಪೆಂದರೆ ನಷ್ಟ ಎಂಬ ಪಾಠ ಬಂದದ್ದು ಪಶ್ಚಿಮದ ಲೆಕ್ಕಶಾಸ್ತ್ರದ ಕೆಂಪು ಶಾಯಿಯಿಂದ. ನಮ್ಮ ಅಂಗಡಿಗಳಲ್ಲಿ ಹೊಸ ಲೆಕ್ಕದ ಪುಸ್ತಕ ಶುರುವಾಗುವುದೇ ಅರಿಶಿನ-ಕುಂಕುಮದಿಂದ. 2019ರ ಜುಲೈನಲ್ಲಿ ಕೇಂದ್ರ ಬಜೆಟ್ಟೇ ಕೆಂಪು ಬಟ್ಟೆಯಲ್ಲಿ ಸಂಸತ್ತಿಗೆ ಬಂತು. ಚೀನಾ, ಜಪಾನಿನ ಷೇರುಪೇಟೆಯಲ್ಲಿ ಬೆಲೆ ಏರಿದರೆ ಕೆಂಪು. ಹಾಗೆಂದು ಕಾರ್ಖಾನೆಯ ಹಾಳೆಯಲ್ಲಿ ಕೆಂಪನ್ನು ಶುಭವಾಗಿಸಬೇಕೆಂದು ವಾದಿಸುವವರು ಕೆಲಸ ಕೆಡಿಸುತ್ತಾರೆ, ಏಕೆಂದರೆ ಡಬ್ಬಿ ಆಗಲೇ ಬೇರೆ ಪಾಠ ಕಲಿಸಿಯಾಗಿದೆ. ಕೆಲಸದ ಜಾಗದಲ್ಲಿ ರೂಢಿಯಾದದ್ದೇ ಹಾಳೆಗೂ ಆಧಾರವಾಗಬೇಕು.

ಎಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಕೈಯಿಂದ ಬಳಿದ ಬಣ್ಣ ಸೂತ್ರಗಳಿಗೆ ಕಾಣಿಸುವುದೇ ಇಲ್ಲ. 2007ರಿಂದ ಎಕ್ಸೆಲ್ ಬಣ್ಣದ ಮೇಲೆ ಫಿಲ್ಟರ್ ಮಾಡುತ್ತದೆ, ಸಾರ್ಟ್ ಮಾಡುತ್ತದೆ. ಆದರೆ ಕೆಂಪು ಸೆಲ್ ಎಷ್ಟಿವೆ ಎಂದು ಕೌಂಟಿಫ್ ಎಣಿಸಲಾರದು. ಫೈಲನ್ನು ಸಿಎಸ್‌ವಿಗೆ ಉಳಿಸಿದೊಡನೆ ತಿಂಗಳೆಲ್ಲ ಬಳಿದ ಬಣ್ಣ ಒಂದೂ ಉಳಿಯದು. ಆದ್ದರಿಂದ ಸ್ಥಿತಿ ತಿಳಿಸಲು ಒಂದು ಕಾಲಂ ಇರಲೇಬೇಕು. ಅದರಲ್ಲಿ ಓಕೆ, ರೀವರ್ಕ್, ರಿಜೆಕ್ಟ್ ಎಂಬ ಮೂರನ್ನು ಪಟ್ಟಿಯಿಂದ ಆರಿಸುವಂತಿದ್ದು, ಬಣ್ಣ ಆ ಪದವನ್ನು ನೋಡಿ ತಾನಾಗಿ ಬರಬೇಕು. ಪದ ತಮಿಳಿನಲ್ಲಿದ್ದರೂ ಕನ್ನಡದಲ್ಲಿದ್ದರೂ ಸರಿ. ಓದಬಲ್ಲವರಿಗೆ ಪದ, ಓದಲಾರದವರಿಗೆ ಬಣ್ಣ, ಸೂತ್ರಕ್ಕೂ ಪ್ರಿಂಟಿಗೂ ಮತ್ತೆ ಪದ.

ಒಟ್ಟಿನಲ್ಲಿ, ಬಣ್ಣ ಆರಿಸಿಕೊಡುವುದರಲ್ಲಿ ಎಕ್ಸೆಲ್‌ಗೆ ಒಳ್ಳೆಯ ಅಂಕ ಕೊಡಬಹುದು, ಅರ್ಥ ಕಾಯುವುದರಲ್ಲಿ ಕ್ಯಾಲ್ಕ್‌ಗೆ. ಎರಡೂ ಎಡವಿರುವುದು ಒಂದೇ ಕಡೆ: ಬಣ್ಣದ ಸೆಟ್ಟಿಂಗನ್ನು ಒಬ್ಬೊಬ್ಬರ ಅಭಿರುಚಿಯ ವಿಷಯವೆಂದು ಎಣಿಸಿವೆ. ಹಲವರು ಕೈಯಾಡಿಸುವ ಹಾಳೆಯಲ್ಲಿ ಅದು ಗುಣಮಟ್ಟ ವಿಭಾಗದ ಕೆಲಸ. ಡ್ರಾಯಿಂಗಿಗೆ ಇರುವಂತೆ ಟೆಂಪ್ಲೇಟಿಗೂ ಒಂದು ಆವೃತ್ತಿ ಸಂಖ್ಯೆ, ಒಬ್ಬ ಹೊಣೆಗಾರ ಇರಲಿ. ಹೊಣೆಗಾರರ ಸಹಿಯಿಲ್ಲದೆ ಹಳದಿಗೆ ಹೊಸ ಅರ್ಥ ಹುಟ್ಟದಿರಲಿ.