ಹದಿಮೂರನೇ ಪಾಯಿಂಟಿನಲ್ಲಿ ಏನು ಸಿಕ್ಕಿತು?

2025ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನಮ್ಮ ಮಲೆನಾಡಿನ ಜಯಪುರ ಪೇಟೆಯಲ್ಲಿ ಇಬ್ಬರು ಎದುರಾದರೆ ಮೊದಲು ಬರುತ್ತಿದ್ದ ಮಾತು, "ಇವತ್ತು ಎಂತ ಸಿಕ್ತಂತೆ ಮಾರಾಯ?" ಅಡಿಕೆಯ ಕೊಳೆಗೆ ಔಷಧಿ ಹೊಡೆಯಲು ಒಂದು ದಿನವೂ ಹೊಳವಾಗದ ಮಳೆ, ತೋಟವನ್ನೇ ತಿಂದುಹಾಕುತ್ತಿದ್ದ ಎಲೆಚುಕ್ಕಿ ರೋಗ, ಎಲ್ಲ ಹಿಂದೆ ಸರಿದಿದ್ದವು. ಬಾಳೆಹೊನ್ನೂರು, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದರೆ ಸಿಗುವ ಧರ್ಮಸ್ಥಳದಲ್ಲಿ ನೇತ್ರಾವತಿ ದಡದ ಕಾಡನ್ನು ಅಗೆಯುತ್ತಿದ್ದರು. ಅಗೆಯುವ ಜಾಗಗಳಿಗೆಲ್ಲ ನಂಬರ್ ಕೊಟ್ಟಿದ್ದರು. ಆರನೇ ಪಾಯಿಂಟ್, ಹನ್ನೊಂದನೇ ಪಾಯಿಂಟ್. ಎಲ್ಲರೂ ಉಸಿರು ಬಿಗಿಹಿಡಿದು ಕಾದದ್ದು ಹದಿಮೂರನೆಯದಕ್ಕೆ. ಭೂಮಿಯೊಳಗನ್ನು ನೋಡುವ ರೇಡಾರ್ ತಂದರು, ಆಳಕ್ಕೆ ಅಗೆದರು. ಅಲ್ಲಿ ಮೂಳೆ ಸಿಗಲಿಲ್ಲ.

ಆ ಎರಡು ತಿಂಗಳು ನಾವು, ಅಂದರೆ ಕನ್ನಡ ಓದುವ, ನೋಡುವ, ಫಾರ್ವರ್ಡ್ ಮಾಡುವ ಸಮಾಜ, ಕಾಣೆಯಾದವರ ಬಗ್ಗೆ ಏನು ಮಾತಾಡಿದೆವು, ಹೇಗೆ ಮಾತಾಡಿದೆವು ಎಂಬುದನ್ನು ಒಂದು ಕೃತಿಯನ್ನು ಪರಿಶೀಲಿಸುವಷ್ಟೇ ಗಂಭೀರವಾಗಿ ಪರಿಶೀಲಿಸಬೇಕಿದೆ. ಪ್ರಕರಣದ ಸತ್ಯಾಸತ್ಯ ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ಊಹೆ ನಮ್ಮದು. ಅದರ ಗುಣದೋಷಕ್ಕೆ ನಾವೇ ಹೊಣೆ.

ನಡೆದದ್ದನ್ನು ಚುಟುಕಾಗಿ ಹೇಳುವೆ. 1995ರಿಂದ 2014ರವರೆಗೆ ಧರ್ಮಸ್ಥಳದಲ್ಲಿ ಸ್ವಚ್ಛತಾ ಕೆಲಸ ಮಾಡುತ್ತಿದ್ದೆ, ಬೆದರಿಕೆಗೆ ಅಂಜಿ ಹಲವು ಹೆಣಗಳನ್ನು ಹೂತಿದ್ದೇನೆ ಎಂದು ಒಬ್ಬಾತ ಜುಲೈ ಮೊದಲ ವಾರದಲ್ಲಿ ದೂರು ಕೊಟ್ಟ. ಬೆಳ್ತಂಗಡಿ ನ್ಯಾಯಾಲಯದಲ್ಲಿ ಮುಸುಕು ಹಾಕಿಕೊಂಡೇ ಹೇಳಿಕೆ ಕೊಟ್ಟ. ಜುಲೈ 19ರಂದು ಸರ್ಕಾರ ಪ್ರಣವ್ ಮೊಹಾಂತಿ ನೇತೃತ್ವದಲ್ಲಿ ವಿಶೇಷ ತನಿಖಾ ತಂಡ ರಚಿಸಿತು. ಆತ ತೋರಿಸಿದ 15ಕ್ಕೂ ಹೆಚ್ಚು ಜಾಗ ಅಗೆದಾಗ ಎರಡು ಕಡೆ ಮೂಳೆ ಸಿಕ್ಕವು. ಆಗಸ್ಟ್ 23ರಂದು ದೂರುದಾರನನ್ನೇ ಬಂಧಿಸಲಾಯಿತು. ಆತ ತಂದೊಪ್ಪಿಸಿದ್ದ ತಲೆಬುರುಡೆ ಆತ ಹೇಳಿದ ಜಾಗದ್ದಲ್ಲ ಎಂಬುದು ತನಿಖಾ ತಂಡದ ನಿಲುವು.

ಇದರ ನಡುವೆಯೇ ಬಂದದ್ದು ವೈದ್ಯಕೀಯ ವಿದ್ಯಾರ್ಥಿನಿಯೊಬ್ಬಳ ಕಥೆ. 2003ರಲ್ಲಿ ಮಣಿಪಾಲದಲ್ಲಿ ಎಂಬಿಬಿಎಸ್ ಮೊದಲ ವರ್ಷ ಓದುತ್ತಿದ್ದ ನನ್ನ ಮಗಳು ಗೆಳತಿಯರ ಜೊತೆ ಧರ್ಮಸ್ಥಳಕ್ಕೆ ಹೋದವಳು ಬರಲೇ ಇಲ್ಲ, ಮೂಳೆಯಾದರೂ ಸಿಕ್ಕರೆ ಸಂಸ್ಕಾರ ಮಾಡುತ್ತೇನೆ ಎಂದು ವಯಸ್ಸಾದ ಮಹಿಳೆಯೊಬ್ಬರು ಮುಂದೆ ಬಂದರು. ಕಣ್ಣು ತುಂಬಿ ಬರುವಂಥ ಮಾತು. ನಮ್ಮ ಕಡೆ ಮನೆಮನೆಯಲ್ಲೂ ಹೆಂಗಸರು ಟಿವಿ ಮುಂದೆ ಕೂತು ಅತ್ತಿದ್ದಾರೆ. ಆ ಕಣ್ಣೀರನ್ನು ಯಾರೂ ಹಗುರವಾಗಿ ನೋಡಬಾರದು.

ಆದರೆ ಆ ಕಥೆಯನ್ನು ಪರೀಕ್ಷಿಸುವುದು ಎಷ್ಟು ಸುಲಭವಿತ್ತು ಎಂಬುದನ್ನು ನೋಡಿ. ವೈದ್ಯಕೀಯ ಕಾಲೇಜಿಗೆ ಸೇರಿದವಳಿಗೆ ಪ್ರವೇಶದ ದಾಖಲೆ ಇರುತ್ತದೆ, ಹಾಸ್ಟೆಲ್ ರಿಜಿಸ್ಟರ್ ಇರುತ್ತದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇರುತ್ತದೆ. ಬೆಳೆದ ಬೀದಿಯಲ್ಲಿ ನೆನಪಿಟ್ಟುಕೊಂಡ ನೆರೆಹೊರೆಯವರು ಇರುತ್ತಾರೆ. ಒಬ್ಬ ವರದಿಗಾರ ಎರಡು ದಿನ ಓಡಾಡಿದ್ದರೆ ಸಾಕಿತ್ತು. ಅದನ್ನು ಮಾಡುವ ಮೊದಲೇ ಹುಡುಗಿಯ ಕೊನೆಯ ದಿನ ಹೇಗಿತ್ತು, ಯಾವ ದಾರಿಯಲ್ಲಿ ಕರೆದೊಯ್ದರು ಎಂದೆಲ್ಲ ಹೇಳುವ ವಿಡಿಯೊಗಳು ಬಂದವು. ಆ ಮಳೆಗಾಲದಲ್ಲಿ ಕೃತಕ ಬುದ್ಧಿಮತ್ತೆಯಿಂದ ಕಾಡು, ಹೊಂಡ, ಹೆಣ ಚಿತ್ರಿಸಿದ ವಿಡಿಯೊಗಳೂ ಹರಿದಾಡಿದವು. ಕಣ್ಣಾರೆ ನೋಡಿದೆವೆಂಬ ಭ್ರಮೆ ಹುಟ್ಟಿಸುವ ಶಕ್ತಿ ಅವಕ್ಕಿತ್ತು. ನೋಡಿದ ಮೇಲೆ ಕೇಳುವುದು ಏನು ಉಳಿಯಿತು?

ಕಡೆಗೆ ದಾಖಲೆ ಹುಡುಕಿದಾಗ ಆ ಹೆಸರಿನ ವಿದ್ಯಾರ್ಥಿನಿಯ ಸುಳಿವು ಸಿಗಲಿಲ್ಲವೆಂದು ವರದಿಯಾಯಿತು. ಮಗಳದೆಂದು ತೋರಿಸಿದ ಫೋಟೊದ ಕಥೆ ಇನ್ನೂ ನೋವಿನದು. ಅದು ನಮ್ಮ ಮನೆಯ, ತೀರಿಹೋದ ಹೆಣ್ಣುಮಗಳ ಫೋಟೊ ಎಂದು ಬೇರೊಂದು ಕುಟುಂಬ ಮುಂದೆ ಬಂತು. ಆ ಮನೆಯವರ ಸ್ಥಿತಿಯನ್ನು ಒಮ್ಮೆ ಯೋಚಿಸಿ. ವರ್ಷಗಳ ಹಿಂದೆ ಕಳೆದುಕೊಂಡ ಮುಖ ದಿನಕ್ಕೆ ನೂರು ಸಲ ಪರದೆಯ ಮೇಲೆ, ಇನ್ನೊಬ್ಬಳ ಹೆಸರಿನಲ್ಲಿ, ಇನ್ನೊಂದು ಸಾವಿನ ಜೊತೆ. ಆಗಸ್ಟ್ ಕೊನೆಗೆ ಆ ಮಹಿಳೆ ಯೂಟ್ಯೂಬ್ ಸಂದರ್ಶನವೊಂದರಲ್ಲಿ ತಾನು ಹೇಳಿದ್ದು ಸುಳ್ಳು ಎಂದರು. ಆಮೇಲೆ, ಒತ್ತಡ ಹಾಕಿ ಹಾಗೆ ಹೇಳಿಸಿದರು ಎಂದರು. ಅವರನ್ನು ಬಯ್ಯುವುದರಲ್ಲಿ ನನಗೆ ಆಸಕ್ತಿಯಿಲ್ಲ. ವಯಸ್ಸಾದ ಒಬ್ಬಂಟಿ ಜೀವದ ಬಾಯಿಗೆ ಮೈಕ್ ಹಿಡಿದು, ಒಂದು ದಿನ ಅಳಿಸಿ, ಇನ್ನೊಂದು ದಿನ ತಪ್ಪೊಪ್ಪಿಸಿ, ಎರಡೂ ದಿನ ಪ್ರೇಕ್ಷಕರನ್ನು ಗಳಿಸಿದವರ ಬಗ್ಗೆ ನನ್ನ ತಕರಾರು.

ಜನ ಯಾಕೆ ನಂಬಿದರು? ಜನ ದಡ್ಡರು ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. 2012ರ ಅಕ್ಟೋಬರ್‌ನಲ್ಲಿ ಧರ್ಮಸ್ಥಳದ ಹತ್ತಿರದ ಉಜಿರೆಯ ಕಾಲೇಜಿನಿಂದ ಮನೆಗೆ ಹೊರಟ ಹುಡುಗಿ ಕಾಣೆಯಾದಳು. ಮರುದಿನ ಆಕೆಯ ಶವ ಸಿಕ್ಕಿತು. ಹನ್ನೊಂದು ವರ್ಷದ ಹತ್ತಿರ ವಿಚಾರಣೆ ನಡೆದು, 2023ರ ಜೂನ್‌ನಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಆರೋಪಿಯನ್ನು ಬಿಡುಗಡೆ ಮಾಡಿತು. ಹಾಗಾದರೆ ಕೊಂದವರು ಯಾರು ಎಂಬ ಪ್ರಶ್ನೆ ಹಾಗೇ ನಿಂತಿತು. ಅದರ ಮೇಲೆ ಇನ್ನೊಂದು: 2000ದಿಂದ 2015ರವರೆಗಿನ ಅಸಹಜ ಸಾವುಗಳ ಕಡತಗಳು, ಪೊಲೀಸ್ ಭಾಷೆಯಲ್ಲಿ ಯುಡಿಆರ್, ಆಡಳಿತದ ನಿಯಮದಂತೆ ನಾಶವಾಗಿವೆ ಎಂದು ಬೆಳ್ತಂಗಡಿ ಠಾಣೆ ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಕೊಟ್ಟಿತು. ಕಡತದಲ್ಲಿ ಏನಿರುತ್ತದೆ? ಗುರುತು ಸಿಗದ ಹೆಣದ ಫೋಟೊ, ಮೈಮೇಲಿದ್ದ ಬಟ್ಟೆ, ಎತ್ತರ, ಮಚ್ಚೆ, ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ಎಲ್ಲಿ ಹೂತರು ಎಂಬ ವಿವರ. ಮಗನನ್ನೋ ಅಕ್ಕನನ್ನೋ ಹುಡುಕಿಕೊಂಡು ಬಂದವರಿಗೆ ತೋರಿಸಲು ಸರ್ಕಾರದ ಬಳಿ ಇರುವುದು ಅಷ್ಟೇ. ಅದು ಇಲ್ಲವಾದ ಮೇಲೆ ಆ ಜಾಗದಲ್ಲಿ ಕಥೆ ಬೆಳೆಯುವುದನ್ನು ತಡೆಯಲು ಯಾರಿಂದಲೂ ಆಗುವುದಿಲ್ಲ. ಊಹೆಗೆ ಬೀಜ ಬಿತ್ತಿದ್ದರಲ್ಲಿ ವ್ಯವಸ್ಥೆಯ ಪಾಲು ದೊಡ್ಡದು.

ನಮ್ಮ ಮಲೆನಾಡಿಗೆ ಕಾಣೆಯಾದವರ ಬಗ್ಗೆ ಊಹಿಸುವ ತನ್ನದೇ ಪದ್ಧತಿ ಇತ್ತು, ಈಗಲೂ ಇದೆ. ದನ ಮೇಯಲು ಹೋಗಿ ಬರದಿದ್ದರೂ, ಮಗ ಸಿಟ್ಟು ಮಾಡಿಕೊಂಡು ಹೋಗಿ ಬರದಿದ್ದರೂ ಅಂಜನ ಹಾಕಿಸುತ್ತಾರೆ, ಪ್ರಶ್ನೆ ಇಡಿಸುತ್ತಾರೆ. ವೀಳ್ಯದೆಲೆಗೆ ಕಪ್ಪು ಸವರಿ, ದೀಪದ ಬೆಳಕಿನಲ್ಲಿ ಅದನ್ನೇ ದಿಟ್ಟಿಸುತ್ತ ಕೂತವರು, "ತೆಂಕು ದಿಕ್ಕಿಗೆ ಹೋಗಿದ್ದಾನೆ, ನೀರಿನ ಸಮೀಪ ಇದ್ದಾನೆ, ಮೂರು ತಿಂಗಳಲ್ಲಿ ಸುದ್ದಿ ಬರ್ತದೆ" ಎಂದು ಹೇಳುತ್ತಾರೆ. ನಾನು ಅದನ್ನು ನಂಬುವವನಲ್ಲ. ಅಂಜನದ ಮಾತಿನಿಂದ ತೋಟದ ಆಳಿನ ಮೇಲೆ, ದಾಯಾದಿಯ ಮೇಲೆ ಅನುಮಾನ ಹುಟ್ಟಿ ಸಂಬಂಧ ಮುರಿದ ಮನೆಗಳೂ ಇವೆ. ಆದರೂ ಆ ಪದ್ಧತಿಗೆ ಒಂದು ಕಟ್ಟುಪಾಡು ಇತ್ತು. ಕೇಳುವವರು ಕಳೆದುಕೊಂಡ ಮನೆಯವರೇ. ಅವರು ಕೇಳದೆ ಯಾರೂ ಹೇಳುತ್ತಿರಲಿಲ್ಲ. ಹೇಳಿದ್ದು ಆ ಜಗಲಿಯಿಂದ ಆಚೆ ಹೋಗುವುದೂ ಬಿಡುವುದೂ ಅವರ ಕೈಯಲ್ಲಿತ್ತು. ಈಗಿನ ಊಹೆಗೆ ಮನೆಯವರು ಬೇಕಾಗಿಯೇ ಇಲ್ಲ. ಅವರು ಬೇಡವೆಂದರೆ ಅವರ ಮೇಲೇ ಅನುಮಾನ ತಿರುಗುತ್ತದೆ.

ಧರ್ಮಸ್ಥಳದ ಮಂಜುನಾಥ ಮಾತು ಬಿಡ ಎಂಬುದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಗದ್ದೆಯ ಬದುವಿನ ಜಗಳದಲ್ಲೂ ಆ ಹೆಸರಿನಲ್ಲಿ ಆಣೆ ಇಡಬೇಕಾಗಿ ಬಂದರೆ ಹಿರಿಯರು ಹಿಂಜರಿಯುತ್ತಾರೆ. ಆಡಿದ ಮಾತಿಗೆ ಇಷ್ಟು ಅಂಜುವ ಜನ, ಅದೇ ಕ್ಷೇತ್ರದ ಬಗ್ಗೆ ಪರವಾಗಿಯೋ ವಿರೋಧವಾಗಿಯೋ ಕೈಗೆ ಬಂದದ್ದನ್ನೆಲ್ಲ ಹತ್ತು ಗುಂಪಿಗೆ ಕಳಿಸಿದರು. ಪರವಾಗಿಯೋ ಎಂದು ಬೇಕೆಂದೇ ಹೇಳಿದೆ. ಆಗಸ್ಟ್ 23ರ ಬಂಧನವಾದ ಕೂಡಲೇ "ಎಲ್ಲ ಸುಳ್ಳು, ಅಲ್ಲಿ ಯಾರೂ ಸತ್ತಿಲ್ಲ, ಯಾರೂ ಕಾಣೆಯಾಗಿಲ್ಲ" ಎಂಬ ಮಾತು ಅಷ್ಟೇ ವೇಗದಲ್ಲಿ ಹರಡಿತು. ಅದೂ ಊಹೆಯೇ. ಒಬ್ಬ ದೂರುದಾರ ಸುಳ್ಳು ಹೇಳಿದ್ದರೂ ಅದರಿಂದ ಕಾಣೆಯಾದವರು ಯಾರೂ ಇಲ್ಲ ಎಂಬುದು ಸಾಬೀತಾಗುವುದಿಲ್ಲ.

ಅದನ್ನು ತೋರಿಸಿಕೊಟ್ಟದ್ದು ಬಂಗ್ಲೆಗುಡ್ಡೆ. ಸೆಪ್ಟೆಂಬರ್ ಮಧ್ಯದಲ್ಲಿ, ಕ್ಯಾಮೆರಾಗಳ ಜಾತ್ರೆ ಕರಗಿದ ಮೇಲೆ, ತನಿಖಾ ತಂಡ ನೇತ್ರಾವತಿ ಸ್ನಾನಘಟ್ಟದ ಹತ್ತಿರದ ಆ ಗುಡ್ಡದ ಕಾಡನ್ನು ಹುಡುಕಿತು. ನೆಲ ಅಗೆಯಬೇಕಾಗಿಯೇ ಇರಲಿಲ್ಲ. ಎರಡು ದಿನದಲ್ಲಿ ಏಳು ತಲೆಬುರುಡೆ, ಮೂಳೆಗಳು, ಒಂದು ಊರುಗೋಲು ಸಿಕ್ಕವು. ಜೊತೆಗೆ ಒಂದು ಗುರುತಿನ ಚೀಟಿ. ಅದು ಕೊಡಗಿನ ಹಿರಿಯರೊಬ್ಬರದು. 2017ರಲ್ಲಿ ಮೈಸೂರಿಗೆ ಚಿಕಿತ್ಸೆಗೆಂದು ಮನೆಯಿಂದ ಹೊರಟವರು ಮರಳಿರಲಿಲ್ಲ. ಮನೆಯವರು ಆಗಲೇ ಪೊಲೀಸರಿಗೆ ದೂರು ಕೊಟ್ಟಿದ್ದರು. ಅಲ್ಲೇ ಸಿಕ್ಕ ಚಾಲನಾ ಪರವಾನಗಿಯೊಂದು, 2013ರಲ್ಲಿ ಮನೆ ಬಿಟ್ಟಿದ್ದ ತುಮಕೂರು ಜಿಲ್ಲೆಯ ಯುವಕನದು.

ಈ ಇಬ್ಬರ ಹೆಸರು ಅದುವರೆಗೆ ಯಾವ ವಿಡಿಯೊದಲ್ಲೂ ಬಂದಿರಲಿಲ್ಲ, ಯಾವ ಚರ್ಚೆಯಲ್ಲೂ ಇರಲಿಲ್ಲ. ದಾಖಲೆಯೇ ಸಿಗದ ಹುಡುಗಿಗಾಗಿ ಇಡೀ ನಾಡು ಅತ್ತಿತು. ಠಾಣೆಯಲ್ಲಿ ದೂರು ದಾಖಲಾಗಿದ್ದ ಮನುಷ್ಯನ ಗುರುತಿನ ಚೀಟಿ ಎಂಟು ವರ್ಷ ಮಳೆ ಬಿಸಿಲಿಗೆ ಬಿದ್ದಿತ್ತು. ನಮ್ಮ ಸಾರ್ವಜನಿಕ ಊಹೆಯ ಅತಿ ದೊಡ್ಡ ಸೋಲು ಇದು. ತಪ್ಪು ಊಹಿಸಿದ್ದನ್ನು ಕ್ಷಮಿಸಬಹುದು. ರೋಚಕವಾದ ನಾಪತ್ತೆಗೆ ಮಾತ್ರ ಕಿವಿಗೊಟ್ಟು, ಆಸ್ಪತ್ರೆಗೆಂದು ಹೊರಟು ದಾರಿ ತಪ್ಪಿದ ಮುದುಕರನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದುದನ್ನು ಕ್ಷಮಿಸುವುದು ಕಷ್ಟ.

ನಮ್ಮ ಚಿಕ್ಕಮಗಳೂರು ಜಿಲ್ಲೆಯವರೇ ಆದ ಕಾಫಿ ಡೇ ಸಿದ್ಧಾರ್ಥ 2019ರ ಜುಲೈ 29ರ ಸಂಜೆ ಉಳ್ಳಾಲದ ಸೇತುವೆಯಿಂದ ಕಾಣೆಯಾದಾಗಲೂ ಇದೇ ಆಗಿತ್ತು. 31ರ ಬೆಳಿಗ್ಗೆ ಶವ ಸಿಗುವವರೆಗೂ ಅವರು ವಿದೇಶಕ್ಕೆ ಪರಾರಿಯಾಗಿದ್ದಾರೆ ಎಂದು ಖಚಿತವಾಗಿ ಹೇಳುತ್ತಿದ್ದವರಿದ್ದರು. ಆ ಮಾತು ಅವರ ಮನೆಯವರ ಕಿವಿಗೂ ಬಿದ್ದಿರುತ್ತದೆ.

ಜನರ ಮಾತು ಒಳ್ಳೆಯದನ್ನು ಮಾಡಿದ ಉದಾಹರಣೆಯೂ ಇದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕೋಯಿಕ್ಕೋಡಿನ ಲಾರಿ ಚಾಲಕನೊಬ್ಬ ಕಾಣೆಯಾದ. ಲಾರಿಯೊಳಗೆ ಜೀವಂತ ಇದ್ದಾನೆ ಎಂಬ ಊಹೆ ಕೇರಳದ ಚಾನೆಲ್ಲುಗಳಲ್ಲಿ ದಿನಗಟ್ಟಲೆ ನಡೆಯಿತು. ಅದು ಆ ತಾಯಿಗೆ ಕೊಟ್ಟ ಹಿಂಸೆ ಸಣ್ಣದಲ್ಲ. ಆದರೆ ಅದೇ ಜನ ಗಂಗಾವಳಿ ನದಿಯಲ್ಲಿ ಹೂಳೆತ್ತುವ ಡ್ರೆಜರ್ ತರಿಸಿ ಎಂದು ಪಟ್ಟು ಹಿಡಿದರು. ಗೋವಾದಿಂದ ಅದು ಬಂತು, ಸೆಪ್ಟೆಂಬರ್ 25ರಂದು ಲಾರಿಯೂ ಶವವೂ ಸಿಕ್ಕವು. ಎಲ್ಲಿದ್ದಾನೆ ಎಂದು ಊಹಿಸಿದ್ದು ವ್ಯರ್ಥವಾಯಿತು, ಹುಡುಕಲು ಏನು ಬೇಕು ಎಂದು ಒತ್ತಾಯಿಸಿದ್ದು ಫಲ ಕೊಟ್ಟಿತು. ಇಷ್ಟಾದರೂ ಅದೇ ಕುಸಿತದಲ್ಲಿ ಕಾಣೆಯಾದ ಸ್ಥಳೀಯರಿಬ್ಬರು ಆ ದಿನಕ್ಕೂ ಸಿಕ್ಕಿರಲಿಲ್ಲ. ಅವರಿಗಾಗಿ ಅಷ್ಟು ದೊಡ್ಡ ದನಿ ನಮ್ಮಿಂದ, ಕನ್ನಡಿಗರಿಂದ, ಏಳಲಿಲ್ಲ.

ಬಾಯಿ ಮುಚ್ಚಿಸುವುದು ಇದಕ್ಕೆ ಮದ್ದಲ್ಲ. ಧರ್ಮಸ್ಥಳದ ವಿಷಯದಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯ ಜುಲೈನಲ್ಲಿ 8,842 ಲಿಂಕ್‌ಗಳನ್ನು ತೆಗೆಯಬೇಕೆಂದು ಆದೇಶ ಕೊಟ್ಟಿತು. ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಅದರಿಂದ ಹೆಚ್ಚಿತೇ ಹೊರತು ತಗ್ಗಲಿಲ್ಲ. ಯೂಟ್ಯೂಬ್ ಚಾನೆಲ್ ಒಂದರ ಅರ್ಜಿಯ ಮೇಲೆ ಹೈಕೋರ್ಟ್ ಆ ಆದೇಶವನ್ನು ಆ ಚಾನೆಲ್ಲಿನ ಮಟ್ಟಿಗೆ ಬದಿಗಿಟ್ಟದ್ದು ಸರಿಯಾಗಿಯೇ ಇದೆ. ಆಗಸ್ಟ್ ಮೊದಲ ವಾರ ಧರ್ಮಸ್ಥಳದ ಪಾಂಗಳದಲ್ಲಿ ಯೂಟ್ಯೂಬರ್‌ಗಳ ಮೇಲೆ ನಡೆದ ಹಲ್ಲೆಯನ್ನಂತೂ ಯಾವ ಮಾತಿನಿಂದಲೂ ಸಮರ್ಥಿಸಲಾಗದು.

ಇನ್ನು ನಮ್ಮ ಸುತ್ತಮುತ್ತಲೇ ನೋಡಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಭಾಗದ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್‌ಗಳಿಂದ ಬಂದ ಕೂಲಿಗಳಿದ್ದಾರೆ. ಅವರಲ್ಲೊಬ್ಬ ಒಂದು ಬೆಳಿಗ್ಗೆ ಕಾಣದಿದ್ದರೆ ಮೇಸ್ತ್ರಿ "ಊರಿಗೆ ಹೋಗಿರ್ಬೇಕು" ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು. ಅದೂ ಒಂದು ಊಹೆ, ನಮ್ಮ ನಡುವೆ ದಿನವೂ ನಡೆಯುವ, ಯಾರೂ ಪ್ರಶ್ನಿಸದ ಊಹೆ. ಆತ ಮಳೆಗಾಲದ ಹಳ್ಳಕ್ಕೆ ಬಿದ್ದಿದ್ದರೆ, ಕೆಳಗೆಲ್ಲೋ ಹೊಳೆಯಂಚಿನಲ್ಲಿ ಸಿಕ್ಕ ಹೆಣ ಗುರುತಿಲ್ಲದ ಯುಡಿಆರ್ ಆಗಿ ಕಡತ ಸೇರುತ್ತದೆ. ಎರಡು ತಾಲ್ಲೂಕಿನ ಆ ಕಡತಗಳನ್ನು ಪಕ್ಕಪಕ್ಕ ಇಟ್ಟು ನೋಡುವವರಿಲ್ಲ. ಏಳು ವರ್ಷ ಸುದ್ದಿಯಿಲ್ಲದವರನ್ನು ಸತ್ತಂತೆ ಭಾವಿಸಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಅದನ್ನು ಕೇಳಿ ಕೋರ್ಟಿಗೆ ಹೋಗಲೂ ಆ ದೂರದ ಮನೆಯವರ ಕೈಯಲ್ಲಿ ಮೊದಲು ಒಂದು ನಾಪತ್ತೆ ದೂರಿನ ಪ್ರತಿ ಇರಬೇಕು.

ಆದ್ದರಿಂದ ಓದುಗರಲ್ಲಿ ನನ್ನದೊಂದು ವಿನಂತಿ. ಬೆಳ್ತಂಗಡಿಯ 2015ರವರೆಗಿನ ಕಡತ ಇನ್ನು ಬರುವುದಿಲ್ಲ. ಉಳಿದ ಠಾಣೆಗಳಲ್ಲಿ, ನಮ್ಮ ಜಯಪುರ ಠಾಣೆಯಲ್ಲೂ, ಗುರುತು ಸಿಗದ ಶವಗಳ ಕಡತ, ಫೋಟೊಗಳನ್ನು ಎಂದಿಗೂ ನಾಶಪಡಿಸಬಾರದು, ಡಿಎನ್ಎ ಮಾದರಿ ಉಳಿಸಿ ನಾಪತ್ತೆ ದೂರುಗಳ ಜೊತೆ ತಾಳೆ ನೋಡಬೇಕು ಎಂದು ಗೃಹ ಇಲಾಖೆಗೆ ಬರೆಯಿರಿ. ಗ್ರಾಮಸಭೆಯಲ್ಲಿ ಕೇಳಿ, ಶಾಸಕರು ಸಿಕ್ಕಾಗ ಕೇಳಿ. ನಿಮ್ಮ ತೋಟದ ಲೈನಿನಿಂದ ಒಬ್ಬರು ಕಾಣೆಯಾದರೆ ಅವರ ಊರಿನ ನಂಬರಿಗೆ ಫೋನ್ ಮಾಡಿ, ಅಲ್ಲಿಗೂ ತಲುಪಿಲ್ಲವೆಂದಾದರೆ ಅದೇ ದಿನ ಠಾಣೆಗೆ ಹೋಗಿ ದೂರು ಬರೆಸಿ.